ಚಿತ್ತಮ್ಮನ ಹಿಮ್ಮಡಿ

ನಮ್ಮ ವಿಭಾಗದಲ್ಲಿ ತಡ ಮಾಡಿದರೆ ಔಷಧಿಯೇ ಉಳಿಯುವುದಿಲ್ಲ. ಬೇರೆ ಔಷಧಿಗಳು ಬಾಟಲಿಯಲ್ಲಿ ವರ್ಷಗಟ್ಟಲೆ ಕೂತಿರುತ್ತವೆ. ನಮ್ಮದು ಕೂತಲ್ಲೇ ಸವೆಯುತ್ತದೆ. ಬೆಳಿಗ್ಗೆ ಇದ್ದ ಶಕ್ತಿ ಮಧ್ಯಾಹ್ನಕ್ಕೆ ಅರ್ಧಕ್ಕೆ ಇಳಿದಿರುತ್ತದೆ. ರೋಗಿಗೆ ಮಧುಗಿರಿ ಬಸ್ಸು ತಪ್ಪಿತು, ಲಿಫ್ಟ್ ಕೆಟ್ಟಿತು, ನಮಗೆ ತಲೆನೋವು ಎಂದರೆ ಅದು ಕಾಯುವುದಿಲ್ಲ. ಆದ್ದರಿಂದ ಈ ಕೆಲಸಕ್ಕೆ ಸೇರುವವರಿಗೆ ನಾನು ಹೇಳುವ ಮೊದಲ ಮಾತು, ಹೊತ್ತಿಗೆ ಸರಿಯಾಗಿ ಬನ್ನಿ. ಎರಡನೆಯ ಮಾತೊಂದಿದೆ. ಅದನ್ನು ಹೇಳಬೇಕಾದರೆ ಮಿಡಿಗೇಶಿ ಕಡೆಯ ಚಿತ್ತಮ್ಮನ ವಿಷಯ ಬರೆಯಬೇಕು, ಮಂಗೋಲಿಯಾದ ಓಯುನ್ ವಿಷಯವನ್ನೂ ಬರೆಯಬೇಕು.

ನಾನು ಹುಟ್ಟಿದ್ದು ಕೊರಟಗೆರೆ, ಓದಿದ್ದು ಮಧುಗಿರಿ. ಬೆಂಗಳೂರಿನ ಒಂದು ದೊಡ್ಡ ಆಸ್ಪತ್ರೆಯ ಅಣು ವೈದ್ಯ ವಿಭಾಗದಲ್ಲಿ ತಂತ್ರಜ್ಞೆಯಾಗಿ ದುಡಿದು ನಿವೃತ್ತಳಾದೆ. ಈಗ ಮಧುಗಿರಿಯಲ್ಲೇ ಇದ್ದೇನೆ. ಈಚೆಗೆ ನಮ್ಮ ತಾಲೂಕುಗಳ ಹುಡುಗ ಹುಡುಗಿಯರೂ ಈ ಕೋರ್ಸಿಗೆ ಸೇರುತ್ತಿದ್ದಾರೆ. ಅವರು ಮನೆಗೆ ಬಂದು ಕೇಳುವುದು ಸಂಬಳ, ಬಡ್ತಿ, ವಿದೇಶದ ಅವಕಾಶ. ಅದನ್ನೆಲ್ಲ ಆಫೀಸಿನವರು ಹೇಳುತ್ತಾರೆ. ಕೆಲಸ ಹೇಗಿತ್ತು ಎಂಬುದನ್ನು ನಾನು ಹೇಳುತ್ತೇನೆ.

ಎಕ್ಸ್-ರೇ ತೆಗೆಯುವಾಗ ಕಿರಣ ಯಂತ್ರದಿಂದ ಬರುತ್ತದೆ. ನಮ್ಮಲ್ಲಿ ಅದು ರೋಗಿಯಿಂದ ಬರುತ್ತದೆ. ವಿಕಿರಣ ಸೂಸುವ ಔಷಧಿಯನ್ನು ಕೊಂಚ ಕೊಟ್ಟು, ಅದು ದೇಹದಲ್ಲಿ ಎಲ್ಲಿ ಹೋಗಿ ಸೇರಿತು ಎಂದು ಹೊರಗಿನಿಂದ ಕ್ಯಾಮೆರಾ ಹಿಡಿದು ನೋಡುತ್ತೇವೆ. ಆ ಔಷಧಿ ತಯಾರಿಸಲು ವಾರಕ್ಕೊಮ್ಮೆ ಸೀಸದ ಕವಚವಿದ್ದ ಡಬ್ಬಿಯೊಂದು ಬರುತ್ತಿತ್ತು. ಒಳಗಿನ ಧಾತು ತಾನಾಗಿ ಸವೆಯುತ್ತ ನಮಗೆ ಬೇಕಾದ ಇನ್ನೊಂದು ಧಾತುವನ್ನು ಹುಟ್ಟಿಸುತ್ತಿತ್ತು. ಬೆಳಿಗ್ಗೆ ಉಪ್ಪುನೀರು ಹಾಯಿಸಿ ಅದನ್ನು ಇಳಿಸಿಕೊಳ್ಳುವುದು ನನ್ನ ದಿನದ ಮೊದಲ ಕೆಲಸ. ಈ ವೃತ್ತಿಯವರು ಆ ಡಬ್ಬಿಗೆ ಹಸು ಎನ್ನುತ್ತಾರೆ, ಇಳಿಸಿಕೊಳ್ಳುವುದಕ್ಕೆ ಹಾಲು ಕರೆಯುವುದು ಎನ್ನುತ್ತಾರೆ. ಊರಿಗೆ ಬಂದಾಗ ಅಮ್ಮನಿಗೆ ಇದನ್ನು ಹೇಳಿದೆ. ಅವಳು ಒಲೆ ಊದುತ್ತಲೇ, "ಇದಕ್ಕಾ ಅಷ್ಟೊಂದು ಓದ್ಸಿದ್ದು? ಕೊಟ್ಟಿಗೇಲೇ ಇರ್ಬೋದಿತ್ತಲ್ಲೇ" ಎಂದಳು.

ನಾನು ಸೇರಿದಾಗ ಇದ್ದದ್ದು ಕಾಗದದ ಮೇಲೆ ಟಕಟಕ ಚುಕ್ಕೆ ಒತ್ತುವ ಹಳೆಯ ಯಂತ್ರ. ಅದರ ತೋಳು ರೋಗಿಯ ಕತ್ತಿನ ಮೇಲೆ ಅತ್ತಿಂದಿತ್ತ ನಿಧಾನವಾಗಿ ಓಡಾಡುತ್ತಿತ್ತು. ಚುಕ್ಕೆಗಳು ಸಾಲುಸಾಲಾಗಿ ಕೂಡಿ ಥೈರಾಯ್ಡ್ ಗ್ರಂಥಿ ಚಿಟ್ಟೆಯ ಹಾಗೆ ಕಾಗದದ ಮೇಲೆ ಮೂಡಿಬರುವುದನ್ನು ನೋಡುವುದೇ ಒಂದು ಸಂತೋಷ. ಆಮೇಲೆ ಗಾಮಾ ಕ್ಯಾಮೆರಾ ಬಂತು, ಕಂಪ್ಯೂಟರ್ ಬಂತು. ಈಗಿನ ಚಿತ್ರಗಳು ಬಣ್ಣಬಣ್ಣವಾಗಿವೆ, ಬಹಳ ಸ್ಪಷ್ಟವಾಗಿವೆ. ಕೆಲಸಕ್ಕೆ ಇವೇ ಒಳ್ಳೆಯವು, ಅದರಲ್ಲಿ ಎರಡು ಮಾತಿಲ್ಲ. ಆದರೂ ಆ ಟಕಟಕ ಸದ್ದು ಈಗಲೂ ಒಮ್ಮೊಮ್ಮೆ ನೆನಪಾಗುತ್ತದೆ.

ನಮ್ಮ ಮುಖ್ಯಸ್ಥರು ಡಾ. ಪದ್ಮನಾಭಯ್ಯ. ವಿಕಿರಣದ ಅಳತೆ ಹಿಡಿಯುವ ಪುಟ್ಟ ಬ್ಯಾಡ್ಜನ್ನು ನಾವೆಲ್ಲ ಎದೆಯ ಮೇಲೆ ಸಿಕ್ಕಿಸಿಕೊಳ್ಳಬೇಕು. ಬೆಳಿಗ್ಗೆ ಅವರ ಬಾಯಿಂದ ನಮಸ್ಕಾರ ಬರುತ್ತಿರಲಿಲ್ಲ, "ಬ್ಯಾಡ್ಜ್ ಎಲ್ಲಿ?" ಎಂದೇ ಬರುತ್ತಿತ್ತು. ಅವರ ಮಗಳ ಮದುವೆಯಲ್ಲಿ ಅಕ್ಷತೆ ಹಾಕಿ ಕೈಮುಗಿದರೆ, ನನ್ನ ರೇಷ್ಮೆ ಸೀರೆಯ ಕಡೆ ನೋಡಿ ಅಭ್ಯಾಸಬಲದಿಂದ ಅದನ್ನೇ ಕೇಳಿದರು. ಅವರ ಕೈಕೆಳಗೆ ಪಳಗಿದವರು ಇವತ್ತಿಗೂ ಮನೆಯ ಗ್ಯಾಸ್ ಒಲೆಯನ್ನು ಎರಡು ಸಲ ನೋಡಿಯೇ ಬೀಗ ಹಾಕುತ್ತಾರೆ. ನಾನೂ ಹಾಗೆಯೇ.

ನಮ್ಮ ಕಡೆಯ ರೋಗಿಗಳು ಬಂದರೆ ಮಾತನಾಡಿಸಲು ನನ್ನನ್ನೇ ಕರೆಯುತ್ತಿದ್ದರು. ಒಮ್ಮೆ ಪಾವಗಡದ ಹಿರಿಯರೊಬ್ಬರು ಮೂಳೆ ಸ್ಕ್ಯಾನಿಗೆ ಬಂದು ಮಂಚದ ಮೇಲೆ ಮಲಗಿ ಕೇಳಿದರು, "ಏಮಮ್ಮಾ, ಇದ್ರಾಗೆ ಒಳಗಿರೋದೆಲ್ಲಾ ಕಾಣುಸ್ತೈತಾ?"

"ಕಾಣುತ್ತೆ ತಾತ."

"ಎಲ್ಲಾನೂವಾ?"

"ಮೂಳೆಯೆಲ್ಲ ಕಾಣುತ್ತೆ."

"ಮೂಳೇನ? ಅಂಗಾದ್ರೆ ಸರಿ. ನಾನು ಮನಸ್ಸಿನಾಗಿರೋದು ಅಂದ್ಕಂಡೆ. ಆಚೆ ನನ್ನೆಂಡ್ರು ಕೂತವ್ಳೆ."

ನಮ್ಮದು ಶ್ರೀಮಂತ ದೇಶಗಳಲ್ಲಿ ಬೆಳೆದ ವಿದ್ಯೆ. ಯಂತ್ರ ಅಲ್ಲಿಂದ ಬರಬೇಕು, ಪುಸ್ತಕ ಅಲ್ಲಿಂದ ಬರಬೇಕು, ಕೆಟ್ಟರೆ ಬಿಡಿಭಾಗವೂ ಅಲ್ಲಿಂದಲೇ. ಪುಸ್ತಕದಲ್ಲಿ ಕರೆಂಟ್ ಹೋಗುವುದಿಲ್ಲ, ರೋಗಿಗೆ ಬಸ್ಸು ತಪ್ಪುವುದಿಲ್ಲ. ಹಾಗಾಗಿ ಏಷ್ಯಾದ ಕೆಲವು ದೇಶಗಳು ಸೇರಿ ಒಬ್ಬರಿಗೊಬ್ಬರು ಕಲಿಸುವ ಏರ್ಪಾಡೊಂದನ್ನು ಮಾಡಿಕೊಂಡವು. ಶ್ರೀಲಂಕಾ, ಬಾಂಗ್ಲಾದೇಶ, ಮ್ಯಾನ್ಮಾರ್, ಮಂಗೋಲಿಯಾಗಳಿಂದ ವೈದ್ಯರು, ತಂತ್ರಜ್ಞರು ನಮ್ಮಲ್ಲಿಗೆ ಬಂದು ತಿಂಗಳುಗಟ್ಟಲೆ ಇರುತ್ತಿದ್ದರು. ನಮ್ಮವರು ಅಲ್ಲಿಗೆ ಹೋಗುತ್ತಿದ್ದರು.

ಕಲಿಸಲೆಂದು ನನ್ನನ್ನು ಢಾಕಾಕ್ಕೆ ಕಳಿಸಿದರು. ಅಲ್ಲಿನ ತಂತ್ರಜ್ಞೆ ರೊಕೆಯಾ ಒಂದೇ ಬಗೆಯ ಪರೀಕ್ಷೆಯವರನ್ನೆಲ್ಲ ಒಂದೇ ದಿನಕ್ಕೆ ಕರೆಯುತ್ತಿದ್ದಳು. ಒಂದು ದಿನ ಮೂಳೆ, ಮರುದಿನ ಮೂತ್ರಪಿಂಡ. ನಾವು ಒಬ್ಬರಿಗೆ ತೆರೆದು ಮಿಕ್ಕದ್ದನ್ನು ಚೆಲ್ಲುತ್ತಿದ್ದ ಬಾಟಲಿ ಅಲ್ಲಿ ನಾಲ್ಕೈದು ಜನಕ್ಕೆ ಆಗುತ್ತಿತ್ತು. ಕಲಿಸಲು ಹೋದವಳು ಕಲಿತು ಬಂದೆ. ಪದ್ಮನಾಭಯ್ಯನವರಿಗೆ ಹೇಳಿದಾಗ "ಹೂಂ" ಎಂದರು. ಅವರ "ಹೂಂ" ಎಂದರೆ ನಾಳೆಯಿಂದ ಮಾಡಿ ಎಂದರ್ಥ. ಸಿರಾ ಕಡೆಯಿಂದ ತಿರುತಿರುಗಿ ಬರಬೇಕಾದವರೆಲ್ಲ ಮೂಳೆಯ ದಿನ ಒಂದೇ ಬಸ್ಸು ಹತ್ತಿ ಬರತೊಡಗಿದರು. ಬುತ್ತಿ ಹಂಚಿಕೊಂಡು ಉಣ್ಣುವಷ್ಟು ಪರಿಚಯವಾದರು. ಬುಕ್ಕಾಪಟ್ಟಣದ ಒಬ್ಬರು ಇನ್ನೊಬ್ಬರ ಮಗನ ಮದುವೆಗೂ ಹೋಗಿಬಂದರು.

ಹೀಗೆ ಬಂದವರಲ್ಲಿ ಓಯುನ್ ಒಬ್ಬಳು. ವೈದ್ಯೆ. ಗುಂಡುಮುಖ, ಗಟ್ಟಿ ಕೈ, ಬೇಗ ಬರುವ ನಗು. ತಂದೆತಾಯಿ ಹುಲ್ಲುಗಾವಲಿನಲ್ಲಿ ಕುರಿ, ಕುದುರೆ ಸಾಕುವವರು. ಅವಳು ಪಟ್ಟಣಕ್ಕೆ ಬಂದು ಓದಿ ಡಾಕ್ಟರಾದವಳು. ಬೇರೆ ದೇಶದಿಂದ ಬಂದವರಿಗೆಲ್ಲ ನಾನು ಕಲಿಸುತ್ತಿದ್ದ ಮೊದಲ ಕನ್ನಡ ಪದ "ಅಲ್ಲಾಡಬೇಡಿ". ರೋಗಿ ಅಲ್ಲಾಡಿದರೆ ಚಿತ್ರ ಕೆಡುತ್ತದೆ. ಓಯುನ್ ಅದನ್ನು ಎಂಥ ಅಧಿಕಾರದಿಂದ ಹೇಳುತ್ತಿದ್ದಳೆಂದರೆ ರೋಗಿಗಳು ಉಸಿರನ್ನೂ ಹಿಡಿದುಬಿಡುತ್ತಿದ್ದರು. ಕೊರಟಗೆರೆಯ ಒಬ್ಬ ಮುಖ ಕೆಂಪಗೆ ಮಾಡಿಕೊಂಡು, ತುಟಿ ಅಲ್ಲಾಡಿಸದೆ, "ಉಸ್ರು ಬುಡ್ಬೋದಾ ಮೇಡಂ?" ಎಂದು ಕೇಳಿದ್ದುಂಟು.

ಚಿತ್ತಮ್ಮ ನಮ್ಮಲ್ಲಿಗೆ ಬಂದದ್ದು ಆಗಲೇ. ಮಿಡಿಗೇಶಿಯಿಂದ ಒಳಗೆ, ಕುರಿ ಸಾಕುವವರ ಒಂದು ಹಟ್ಟಿ. ಥೈರಾಯ್ಡ್ ಗ್ರಂಥಿಯ ಕ್ಯಾನ್ಸರ್. ಶಸ್ತ್ರಚಿಕಿತ್ಸೆ ಆಗಿತ್ತು. ಆದರೆ ರೋಗ ಶ್ವಾಸಕೋಶಕ್ಕೂ ಹೋಗಿದೆ ಎಂದು ರಕ್ತಪರೀಕ್ಷೆ, ಎಕ್ಸ್-ರೇ ಎರಡೂ ಹೇಳುತ್ತಿದ್ದವು.

ಇದಕ್ಕೆ ನಮ್ಮಲ್ಲಿ ಒಳ್ಳೆಯ ಚಿಕಿತ್ಸೆ ಇದೆ. ಥೈರಾಯ್ಡಿನ ಜೀವಕೋಶಕ್ಕೆ ಅಯೋಡಿನ್ ಬೇಕು. ಕ್ಯಾನ್ಸರ್ ಆಗಿ ಬೇರೆ ಕಡೆ ಹೋಗಿ ಕೂತರೂ ಅದರ ಆ ಹಸಿವು ಸಾಮಾನ್ಯವಾಗಿ ಹೋಗುವುದಿಲ್ಲ. ವಿಕಿರಣ ಸೂಸುವ ಅಯೋಡಿನ್ ಕುಡಿಸಿದರೆ ಅದನ್ನೂ ನುಂಗುತ್ತದೆ, ಒಳಗಿನಿಂದಲೇ ಸುಟ್ಟುಹೋಗುತ್ತದೆ. ಮೊದಲು ದೇಹವನ್ನು ಅಯೋಡಿನ್ನಿಗೆ ಹಸಿಯುವಂತೆ ಮಾಡಬೇಕು. ಅದಕ್ಕಾಗಿ ಕೆಲವು ವಾರ ಥೈರಾಯ್ಡ್ ಮಾತ್ರೆ ನಿಲ್ಲಿಸುತ್ತೇವೆ. ಅಯೋಡಿನ್ ಬೆರೆಸಿದ ಪ್ಯಾಕೆಟ್ ಉಪ್ಪು, ಹಾಲು, ಮೊಟ್ಟೆ ಬೇಡ ಎನ್ನುತ್ತೇವೆ. ಚಿತ್ತಮ್ಮ ಎಲ್ಲವನ್ನೂ ಪಾಲಿಸಿದ್ದಳು. ಅವಳ ಗಂಡ ಈರಣ್ಣ ನನ್ನೆದುರು ಪ್ರಮಾಣ ಮಾಡುವವನ ಹಾಗೆ ಹೇಳಿದ, "ಆಲು ಕರಿಯೋ ಮನೇಲಿ ಆಲು ಮುಟ್ಟಿಲ್ಲ ಸಿಸ್ಟರಮ್ಮ. ಮೊಸ್ರಿಲ್ಲ, ಮಜ್ಜಿಗೆ ಇಲ್ಲ. ಬರೀ ಉಪ್ಸಾರು, ಅದೂವೆ ನೀವೇಳಿದ್ ಕಲ್ಲುಪ್ಪು."

ಚಿಕಿತ್ಸೆಗೆ ಮೊದಲು ಸಣ್ಣ ಡೋಸ್ ಕುಡಿಸಿ ಸ್ಕ್ಯಾನ್ ಮಾಡಿದೆವು. ಅವಳು ಚಪ್ಪಲಿಯನ್ನು ಬಾಗಿಲಾಚೆ ಬಿಟ್ಟು, ದೇವರ ಮನೆಗೆ ಬರುವಂತೆ ಒಳಗೆ ಬಂದು, ಮಂಚದ ಮೇಲೆ ಮಲಗಿದಳು. ನಮ್ಮ ಕಡೆಯವರೆಲ್ಲ ಹಾಗೆಯೇ ಬರುವುದು. ಹಿಮ್ಮಡಿಗಳು ಸೀಳುಸೀಳಾಗಿ ಒಡೆದಿದ್ದವು, ಕಂದುಬಣ್ಣ ಹತ್ತಿತ್ತು. ನಾನು ನೋಡಿದೆ. ಹಿಮ್ಮಡಿ ಒಡೆದರೆ ಗೋರಂಟಿ ಅರೆದು ಮೆತ್ತುವುದು ನಮ್ಮಲ್ಲಿ ವಾಡಿಕೆ. ನನ್ನಮ್ಮನ ಹಿಮ್ಮಡಿಯೂ ಬೇಸಿಗೆಯೆಲ್ಲ ಅದೇ ಬಣ್ಣವಿರುತ್ತಿತ್ತು. ನೋಡಿ, ಕ್ಯಾಮೆರಾದ ಕಡೆ ತಿರುಗಿದೆ.

ಪರದೆಯಲ್ಲಿ ಏನೂ ಬರಲಿಲ್ಲ. ಕತ್ತು ಖಾಲಿ, ಎದೆ ಖಾಲಿ.

ಪದ್ಮನಾಭಯ್ಯನವರು ಬಹಳ ಹೊತ್ತು ನೋಡಿ ಹೇಳಿದರು, "ಕೆಲವರ ರೋಗ ಅಯೋಡಿನ್ ತಿನ್ನುವುದಿಲ್ಲ. ಇವರದ್ದು ಆ ಬಗೆ ಅಂತ ಕಾಣುತ್ತೆ. ಕೊಟ್ಟು ಪ್ರಯೋಜನವಿಲ್ಲ. ಹಾಸಿಗೆ ಬೇರೆಯವರಿಗೆ ಕೊಡಿ."

ಚಿಕಿತ್ಸೆಯ ವಾರ್ಡಿನಲ್ಲಿ ಹಾಸಿಗೆಗಳು ಕಡಿಮೆ, ಕಾಯುವವರು ಬಹಳ. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಆಗ ಚಿತ್ತಮ್ಮನಂಥವರ ಕೈಗೆ ಎಟುಕುವ ಬೇರೆ ಔಷಧಿ ಇರಲಿಲ್ಲ. ನಾನು ಆಚೆ ಹೋಗಿ ಈರಣ್ಣನಿಗೆ, "ಈಗ ಔಷಧಿ ಕೊಡುವುದಿಲ್ಲವಂತೆ. ಮುಂದಿನ ವಾರ ಬಾ, ಡಾಕ್ಟರು ಮಾತಾಡುತ್ತಾರೆ" ಎಂದೆ.

"ಅಂದ್ರೆ ಇಲ್ಲಿಗೆ ಮುಗೀತು ಅಂತ್ಲಾ ಸಿಸ್ಟರಮ್ಮ?"

ಪಕ್ಕದ ಬೆಂಚಿನಲ್ಲಿ ಕೂತಿದ್ದ ಚಿತ್ತಮ್ಮ ಎದ್ದಳು. ಮಾತ್ರೆ ನಿಲ್ಲಿಸಿದ್ದರಿಂದ ಮುಖ ಊದಿತ್ತು, ಮಾತು ನಿಧಾನವಾಗಿತ್ತು. "ಅವರ್ನೇನು ಕೇಳ್ತೀಯ ಬುಡು. ಮರಿಗುಳ್ನ ಅತ್ತೆ ಮೇಲೆ ಬುಟ್ಟು ಬಂದಿವ್ನಿ. ನಡಿ, ಬಸ್ ಓಯ್ತದೆ" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಳು.

ಸಂಜೆ ಕೈತೊಳೆಯುವಾಗ ಓಯುನ್ ಕೇಳಿದಳು, "ಆಕೆಯ ಕಾಲಿಗೆ ಅದೇನು ಬಣ್ಣ?"

ನಾನು ಗೋರಂಟಿ ಗಿಡ, ಅದರ ಎಲೆ, ಮದುವೆ, ಹಬ್ಬ, ತಂಪು ಎಲ್ಲವನ್ನೂ ವಿವರಿಸಿದೆ. ಅವಳು ಕೇಳಿಸಿಕೊಂಡು ತಲೆಯಾಡಿಸಿದಳು. ಆಮೇಲೆ, "ನಮ್ಮ ಮನೆಯಲ್ಲಿ ಕುರಿಗಳ ಗೊರಸು ಅದೇ ಬಣ್ಣ ಇರುತ್ತೆ. ಗೊರಸು ಕೊಳೆತರೆ ಅಪ್ಪ ಅಯೋಡಿನ್ ಹಚ್ಚುತ್ತಾರೆ" ಎಂದಳು.

ನಲ್ಲಿ ಹಾಗೆಯೇ ಹರಿಯುತ್ತಿತ್ತು. ಅವಳೇ ನಿಲ್ಲಿಸಿದಳು.

ಬೇರೆ ದಾರಿಯಿಂದ ಅಯೋಡಿನ್ ಮೈಗೆ ಸೇರಿದೆಯೇ ಎಂದು ತಿಳಿಯಲು ರೋಗಿಗಳಿಗೆ ಕೇಳಬೇಕಾದ ಪ್ರಶ್ನೆಗಳನ್ನೆಲ್ಲ ನಾವು ಕೇಳಿದ್ದೆವು. ಕೆಮ್ಮಿನ ಸಿರಪ್ ಕುಡಿದಿರಾ? ಸಿ.ಟಿ. ಸ್ಕ್ಯಾನಿಗೆ ಇಂಜೆಕ್ಷನ್ ಕೊಟ್ಟಿದ್ದರಾ? ಉಪ್ಪು ಯಾವುದು? ಬೇರೆ ಕಡೆ ಬರೆದ ಪ್ರಶ್ನೆಗಳು ಅವು. ಕುರಿ ಇವೆಯೇ ಎಂದು ಅದರಲ್ಲಿ ಇರಲಿಲ್ಲ. ಈರಣ್ಣನಿಗೆ ಫೋನ್ ಮಾಡಿ ಹೆಂಡತಿಯ ಕಾಲಿನ ಬಣ್ಣ ಏನೆಂದು ಕೇಳಿದೆ. "ಗೋರಂಟಿನೇ ಇರ್ಬೇಕು ಕಣಮ್ಮ. ಎಂಗುಸ್ರು ಇಷ್ಯ ನಂಗೇನ್ ಗೊತ್ತು?" ಎಂದ.

ಪದ್ಮನಾಭಯ್ಯನವರ ಮುಂದೆ ಓಯುನ್ ನೇರವಾಗಿ ಹೇಳಿದಳು, "ಶಸ್ತ್ರಚಿಕಿತ್ಸೆಯಲ್ಲಿ ನರದ ಪಕ್ಕ ಗ್ರಂಥಿಯ ಸಣ್ಣ ಚೂರು ಬಿಟ್ಟಿದ್ದೇವೆ ಎಂದು ಸರ್ಜನ್ ಬರೆದಿದ್ದಾರೆ. ರೋಗ ಅಯೋಡಿನ್ ತಿನ್ನದೆ ಇರಬಹುದು. ರೋಗವಿಲ್ಲದ ಆ ಚೂರು ಯಾಕೆ ತಿನ್ನಲಿಲ್ಲ ಸರ್?"

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಹೂಂ. ಭಾನುವಾರ ಹೋಗಿಬನ್ನಿ. ಸೋಮವಾರ ಹಾಲು ಕರೆಯುವ ಹೊತ್ತಿಗೆ ಇಬ್ಬರೂ ಇಲ್ಲಿರಬೇಕು."

ಮಧುಗಿರಿಯಲ್ಲಿ ಬಸ್ಸು ಬದಲಿಸಿ ಮಿಡಿಗೇಶಿಯಲ್ಲಿ ಇಳಿದೆವು. ಈರಣ್ಣ ಬಂದು ಕರೆದುಕೊಂಡು ಹೋದ. ದಾರಿಯುದ್ದಕ್ಕೂ ಓಯುನ್ ಕಲ್ಲುಬೆಟ್ಟ, ಜಾಲಿ, ಒಣಹುಲ್ಲು ನೋಡುತ್ತ, "ನಮ್ಮಲ್ಲಿ ಇದರ ಮೇಲೆ ಹಿಮ ಇರುತ್ತೆ, ಅಷ್ಟೇ ವ್ಯತ್ಯಾಸ" ಎನ್ನುತ್ತಿದ್ದಳು. ಹಟ್ಟಿಗೆ ಹೋದೊಡನೆ ಅವಳು ಮನೆಗೆ ಹೋಗಲಿಲ್ಲ. ನೇರವಾಗಿ ಮುಳ್ಳುಬೇಲಿಯ ಕುರಿರೊಪ್ಪಕ್ಕೆ ನುಗ್ಗಿ, ಒಂದು ಕುರಿಯ ಹಿಂಗಾಲು ಹಿಡಿದು, ಕಣ್ಣು ಮಿಟುಕಿಸುವಷ್ಟರಲ್ಲಿ ಕೆಡವಿ, ಗೊರಸು ಬಿಡಿಸಿ ನೋಡಿದಳು. ಜಗಲಿಯಲ್ಲಿ ಕೂತಿದ್ದ ಗಂಡಸರು ಎದ್ದು ನಿಂತರು.

"ಲೇ, ಈವಮ್ಮ ಡಾಕ್ಟ್ರಲ್ಲ ಕಣ್ಲಾ, ನಮ್ಮೋಳು!"

"ಯಾವ್ ಅಟ್ಟಿ ಅಂತ ಕೇಳ್ಲಾ."

ಗೊರಸಿಗೆ ಕಂದುಬಣ್ಣ ಹತ್ತಿತ್ತು. ನಾನು ಚಿತ್ತಮ್ಮನನ್ನು ಕೇಳಿದೆ, "ಇದಕ್ಕೆ ಏನು ಹಚ್ಚುತ್ತೀಯ?"

ಅವಳು ಒಳಗಿನಿಂದ ದೊಡ್ಡ ಪ್ಲಾಸ್ಟಿಕ್ ಬಾಟಲಿ ತಂದಳು. ಮಧುಗಿರಿಯ ಮೆಡಿಕಲ್ ಸ್ಟೋರಿನಿಂದ ತಂದದ್ದು, ಗಾಯಕ್ಕೆ ಹಚ್ಚುವ ಅಯೋಡಿನ್ ದ್ರಾವಣ. "ಬೆಟ್ಟ ಅತ್ತಕ್ಕೆ ಆಗಲ್ಲ ಅಂತ ನನ್ನ ರೊಪ್ಪದ್ ಕೆಲ್ಸಕ್ಕೆ ಬುಟ್ರು. ಮರಿ ಹೊಕ್ಳಿಗೆ, ಗೊರ್ಸಿಗೆ ದಿನಾ ಇದೇ ಅಚ್ಚೋದು."

"ನಿನ್ನ ಹಿಮ್ಮಡಿಗೆ?"

ಅವಳು ನಾಚಿಕೊಂಡಳು. "ಒಡ್ದು ಒಡ್ದು ರಕ್ತ ಬರೋದು ಕಣವ್ವ. ಕುರಿಗೆ ವಾಸಿ ಆಗೋದು ನಂಗ್ಯಾಕೆ ಆಗಲ್ಲ ಅಂತ ಬಟ್ಟೇಲಿ ನೆನ್ಸಿ ಕಟ್ಕೊಂಬುಡ್ತಿದ್ದೆ, ದಿನಾ ರಾತ್ರಿ. ನೀವು ತಿನ್ನಬ್ಯಾಡ ಅಂದಿದ್ ಒಂದೂ ತಿಂದಿಲ್ಲ."

ನಿಜ, ಅವಳು ತಿಂದಿರಲಿಲ್ಲ. ಬಿರುಕಿನ ಗಾಯದಿಂದ ಅಯೋಡಿನ್ ಮೈಗೆ ಇಳಿಯುತ್ತಿತ್ತು. ಹಸಿವು ತೀರಿದ ಜೀವಕೋಶಗಳು ನಮ್ಮ ಡೋಸನ್ನು ಮುಟ್ಟಿರಲಿಲ್ಲ. ಬಾಯಿಗೆ ಹಾಕಿದ ಬೀಗ ಕಾಲಿನಲ್ಲಿ ತೆರೆದಿತ್ತು. ಓಯುನ್ ಇನ್ನೂ ಒಂದು ಹೆಜ್ಜೆ ಮುಂದೆ ಯೋಚಿಸಿ, "ಹಿಮ್ಮಡಿ ಯಾವಾಗಿನಿಂದ ಇಷ್ಟು ಒಡೆಯಿತು ಕೇಳು" ಎಂದಳು. ಕೇಳಿದೆ. ಮಾತ್ರೆ ನಿಲ್ಲಿಸಿದ ಮೇಲೆ. ಥೈರಾಯ್ಡ್ ಮಾತ್ರೆ ನಿಂತರೆ ಚರ್ಮ ಒಣಗುತ್ತದೆ, ಒಡೆಯುತ್ತದೆ. ನಾವು ಮಾತ್ರೆ ನಿಲ್ಲಿಸಿದೆವು, ಹಿಮ್ಮಡಿ ಒಡೆಯಿತು, ಅವಳು ಔಷಧಿ ಕಟ್ಟಿದಳು, ಸ್ಕ್ಯಾನ್ ಖಾಲಿ ಬಂತು. ನಮ್ಮ ಮಾತನ್ನು ಎಷ್ಟು ಶಿಸ್ತಾಗಿ ಪಾಲಿಸಿದಳೋ ಅಷ್ಟೂ ಅವಳಿಗೇ ತಿರುಗಿಬಿದ್ದಿತ್ತು.

ಬಾಟಲಿಯನ್ನು ಅತ್ತೆಯ ವಶಕ್ಕೆ ಒಪ್ಪಿಸಿದೆವು, ರೊಪ್ಪದ ಕೆಲಸವನ್ನೂ. ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಬಿಟ್ಟು ಇನ್ನೇನೂ ಬೇಡ ಎಂದೆ. ಅತ್ತೆ ಗೊಣಗಿದರು, "ನನ್ನ ಸೊಸೇನ ರಾಣಿ ಮಾಡ್ಬುಟ್ಟೋಯ್ತಾವ್ರೆ." ಆದರೆ ಬಾಟಲಿಯನ್ನು ಸೆರಗಿನಲ್ಲಿ ಬಿಗಿಯಾಗಿಯೇ ಹಿಡಿದುಕೊಂಡಿದ್ದರು.

ಮೈಯಲ್ಲಿ ಸೇರಿದ್ದ ಅಯೋಡಿನ್ ಹೊರಹೋಗಲು ಎರಡು ಮೂರು ತಿಂಗಳು ಕಾಯಬೇಕಾಯಿತು. ಆ ತನಕ ಮಾತ್ರೆ ಮತ್ತೆ ಕೊಟ್ಟು, ಕೊನೆಯ ವಾರಗಳಲ್ಲಿ ಮತ್ತೆ ನಿಲ್ಲಿಸಿದೆವು. ಓಯುನ್ ಹೊರಡುವ ದಿನ ಹತ್ತಿರ ಬರುತ್ತಿತ್ತು. ಎರಡನೆಯ ಸ್ಕ್ಯಾನಿನ ದಿನ ಇಬ್ಬರೂ ಪರದೆಯ ಮುಂದೆ ನಿಂತಿದ್ದೆವು. ಮೊದಲು ಕತ್ತಿನಲ್ಲಿ ಒಂದು ಚುಕ್ಕೆ ಬೆಳಗಿತು. ಸರ್ಜನ್ ಬಿಟ್ಟಿದ್ದ ಚೂರು. ಆಮೇಲೆ ನಿಧಾನವಾಗಿ ಎದೆಯ ಎರಡೂ ಕಡೆ ಮಸುಕು ಚುಕ್ಕೆಗಳು, ರಾಗಿ ಚೆಲ್ಲಿದ ಹಾಗೆ. ಕ್ಯಾನ್ಸರ್ ಕಂಡು ಸಂತೋಷಪಡುವ ವೃತ್ತಿ ನಮ್ಮದು. ಕಂಡರೆ ಅಲ್ಲಿಗೆ ಔಷಧಿ ತಲುಪುತ್ತದೆ.

ಪದ್ಮನಾಭಯ್ಯನವರು ತಮ್ಮ ಕೋಣೆಯಿಂದ ಓಡಿಬಂದರು. ನೋಡಿದರು. ಓಯುನ್ ಅವರ ಎದೆಯ ಕಡೆ ಬೆರಳು ತೋರಿಸಿ, "ಬ್ಯಾಡ್ಜ್ ಎಲ್ಲಿ?" ಎಂದಳು, ಕನ್ನಡದಲ್ಲೇ. ಅವರ ಕೋಟಿನಲ್ಲಿ ಬ್ಯಾಡ್ಜ್ ಇರಲಿಲ್ಲ. ಅವರು ಮರಳಿ ಹೋಗಿ ಸಿಕ್ಕಿಸಿಕೊಂಡು ಬಂದರು.

ದೊಡ್ಡ ಡೋಸ್ ಕುಡಿದವರನ್ನು ಕೆಲವು ದಿನ ಒಂಟಿ ಕೋಣೆಯಲ್ಲಿ ಇಡಬೇಕು. ಯಾರೂ ಹತ್ತಿರ ಹೋಗುವಂತಿಲ್ಲ. ಅಲ್ಲಿ ಅಳುವವರು ಬಹಳ, ಅವರಿಗೆ ಹೇಳಲೆಂದು ನನ್ನ ಹತ್ತಿರ ಸಮಾಧಾನದ ಮಾತುಗಳು ಯಾವಾಗಲೂ ಸಿದ್ಧವಿರುತ್ತಿದ್ದವು. ಬಾಗಿಲಾಚೆ ನಿಂತು ಶುರುಮಾಡಿದೆ. ಚಿತ್ತಮ್ಮ ಕೈಯಲ್ಲಾಡಿಸಿ ತಡೆದಳು.

"ಬುಡವ್ವ, ನಂಗಿದು ಒಸ್ದಾ? ತಿಂಗ್ಳು ತಿಂಗ್ಳೂ ಅಟ್ಟಿಯಾಚೆ ಗುಡ್ಲಲ್ಲಿ ಕೂತೋಳು ನಾನು. ಎರಡು ಬಾಣಂತನ ಅಲ್ಲೇ ಆಗಿದ್ದು. ಇಲ್ಲಿ ಮಂಚ ಐತೆ, ಫ್ಯಾನೈತೆ, ಮೂರೊತ್ತೂ ಊಟ ಬಾಗ್ಲಿಗೆ ಬತ್ತದೆ. ಮಳೆ ಬಂದ್ರೆ ಸೋರಲ್ಲ."

ನನ್ನ ಸಿದ್ಧ ಮಾತುಗಳನ್ನು ಹಾಗೆಯೇ ವಾಪಸು ತಂದೆ. ಬಿಡುಗಡೆಯ ದಿನ ಮಾತ್ರ ಈರಣ್ಣನಿಗೆ ಗಟ್ಟಿಯಾಗಿ ಹೇಳಿದೆ, "ಕೆಲವು ದಿನ ಮಕ್ಕಳಿಂದ ದೂರ ಇರಬೇಕು, ನಿಜ. ಮನೆಯೊಳಗೆ ಒಂದು ಕೋಣೆಯಲ್ಲಿ. ಆಚೆ ಗುಡಿಸಲಿನಲ್ಲಿ ಕೂರಿಸಿದೆ ಅಂತ ಗೊತ್ತಾದರೆ ಮುಂದಿನ ಬಸ್ಸಿಗೆ ನಾನೇ ಬರುತ್ತೇನೆ." ಅವನು "ಆಯ್ತು ಸಿಸ್ಟರಮ್ಮ" ಎಂದ. ಚಿತ್ತಮ್ಮ ಅವನ ಹಿಂದೆ ನಿಂತು ನಗುತ್ತಿದ್ದಳು. ಅವಳಿಗೆ ಇನ್ನೂ ಒಂದು ಸಲ ಡೋಸ್ ಕೊಟ್ಟೆವು. ಆಮೇಲಿನ ಸ್ಕ್ಯಾನಿನಲ್ಲಿ ಎದೆಯ ಚುಕ್ಕೆಗಳು ಇರಲಿಲ್ಲ, ಮುಂದೆಯೂ ಬರಲಿಲ್ಲ.

ಎಳೆಯರಿಗೆ ಹೇಳಬೇಕಾದ ಎರಡನೆಯ ಮಾತು ಇದೇ. ರೋಗಿ ಚಪ್ಪಲಿ ಬಿಟ್ಟು ಒಳಗೆ ಬಂದಾಗ ಕಾಲು ನೋಡಿ. ನೋಡಿದ್ದು ಏನೆಂದು ನಿಮಗೆ ಗೊತ್ತಿದೆ ಅನ್ನಿಸಿದರೂ ಕೇಳಿ.

ಓಯುನ್ ಈಗ ತನ್ನ ಊರಿನಲ್ಲಿ ವಿಭಾಗದ ಮುಖ್ಯಸ್ಥೆ. ನೆರೆದೇಶಗಳಿಂದ ಕಲಿಯಲು ಅವಳಲ್ಲಿಗೂ ಬರುತ್ತಾರೆ. ಆ ಚಳಿಯಲ್ಲಿ ಜನ ಮೊಣಕಾಲುದ್ದದ ಬೂಟು ಹಾಕಿರುತ್ತಾರಂತೆ. ಅಯೋಡಿನ್ ಪರೀಕ್ಷೆಗೆ ಬಂದವರೆಲ್ಲ ಮೊದಲು ಬೂಟು, ಕಾಲುಚೀಲ ಬಿಚ್ಚಬೇಕು ಎಂದು ನಿಯಮ ಮಾಡಿದ್ದಾಳೆ. ಯಾಕೆ ಎಂದು ಕೇಳಿದವರಿಗೆ ಮಿಡಿಗೇಶಿಯ ಕಥೆ ಹೇಳುತ್ತಾಳೆ.

ಹೋದ ತಿಂಗಳು ಚಿತ್ತಮ್ಮ ಮಾತ್ರೆ ಕೊಳ್ಳಲು ಮಧುಗಿರಿಗೆ ಬಂದವಳು ಎಂದಿನಂತೆ ನಮ್ಮ ಮನೆಗೂ ಬಂದಳು. ಕೂದಲು ನರೆತಿದೆ, ಮೊಮ್ಮಗಳು ಶಾಲೆಗೆ ಹೋಗುತ್ತಾಳೆ. ಕಾಫಿ ಕುಡಿಯುತ್ತಿರುವಾಗ ಓಯುನ್ ವಿಡಿಯೋ ಕರೆ ಬಂತು. ಫೋನನ್ನು ಚಿತ್ತಮ್ಮನ ಕಡೆ ತಿರುಗಿಸಿದೆ.

"ಓಯಮ್ಮಾ, ಕುರಿಗೊಳ್ ಚೆನ್ನಾಗವ್ವಾ?" ಎಂದು ಚಿತ್ತಮ್ಮ ಕೂಗಿದಳು. ದೂರದ ದೇಶಕ್ಕೆ ಕೇಳಬೇಕಲ್ಲ. ನಾನು ಅನುವಾದಿಸಿದೆ. ಓಯುನ್ ನಕ್ಕು ಇಂಗ್ಲಿಷಿನಲ್ಲಿ, "ಕುರಿ ಆಮೇಲೆ, ಮೊದಲು ಕಾಲು ತೋರಿಸಲು ಹೇಳು" ಎಂದಳು.

"ಕಾಲು ನೋಡಬೇಕಂತೆ."

"ಇನ್ನೂ ಬುಟ್ಟಿಲ್ವಾ ಆ ಚಾಳಿ? ನೋಡ್ಲಿ ತಗಿ. ಬರೀ ಕೊಬ್ರಿ ಎಣ್ಣೆ."

ಬಾಗಿಲಾಚೆ ಚಪ್ಪಲಿ ಬಿಟ್ಟೇ ಬಂದಿದ್ದಳು. ಬಾಗಿಲುವಾಡ ಹಿಡಿದುಕೊಂಡು, ಸೀರೆಯನ್ನು ಕೊಂಚ ಎತ್ತಿ, ಒಂದು ಕಾಲನ್ನು ಫೋನಿನ ಎದುರಿಗೆ ಹಿಡಿದಳು. ವಯಸ್ಸಿನ ಹಿಮ್ಮಡಿ, ಗೀರುಗೀರಾಗಿತ್ತು, ಎಣ್ಣೆ ಹಚ್ಚಿ ಮಿನುಗುತ್ತಿತ್ತು. ಎಲ್ಲೂ ಬಣ್ಣವಿರಲಿಲ್ಲ. ಒಂಟಿಕಾಲಿನಲ್ಲಿ ನಿಂತವಳು ಅತ್ತಿತ್ತ ವಾಲುತ್ತಿದ್ದಳು, ಚಿತ್ರ ಕದಲುತ್ತಿತ್ತು.

ಓಯುನ್ ಪರದೆಯ ಹತ್ತಿರ ಮುಖ ತಂದು, ಅದೇ ಹಳೆಯ ಅಧಿಕಾರದಿಂದ ಹೇಳಿದಳು, "ಅಲ್ಲಾಡಬೇಡಿ!"

ಚಿತ್ತಮ್ಮ ಉಸಿರು ಹಿಡಿದು ನಿಂತಳು.